ಪ್ರಯೋಗಶಾಲೆಯ ತ್ಯಾಜ್ಯ ಮತ್ತು ಶಿಬಿರ ನಡೆಸುವವರ ಹೊಣೆ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲೂಕುಗಳಲ್ಲಿ ಜಾತ್ರೆಯೆಂದರೆ ಇಂದು ರಥೋತ್ಸವ, ಪ್ರವಚನ, ದಾಸೋಹಗಳಷ್ಟೇ ಅಲ್ಲ. ಪುಣ್ಯಸ್ಮರಣೆಯ ದಿನವಾಗಲಿ, ಶ್ರಾವಣ ಮಾಸದ ಮುಕ್ತಾಯವಾಗಲಿ, ಮಠದ ಆವರಣದಲ್ಲಿ ಒಂದು ಆರೋಗ್ಯ ತಪಾಸಣೆಯ ಶಿಬಿರ, ಒಂದು ರಕ್ತದಾನ ಶಿಬಿರ ಇರಲೇಬೇಕೆಂಬಂತಾಗಿದೆ. ಇದು ಸಂತೋಷದ ಸಂಗತಿ. ಅನ್ನ ಮತ್ತು ಅಕ್ಷರದ ದಾಸೋಹದ ಜೊತೆಗೆ ಆರೋಗ್ಯದ ದಾಸೋಹವೂ ನಡೆಯಲೆಂದು ಪೂಜ್ಯರು ಬಯಸುತ್ತಾರೆ. ಭಕ್ತರು ಮುಂದೆ ನಿಂತು ನಡೆಸಿಕೊಡುತ್ತಾರೆ. ದೂರದ ಹುಬ್ಬಳ್ಳಿಗೆ ಹೋಗಲಾರದ ರೈತನಿಗೆ, ವಯಸ್ಸಾದ ತಾಯಿಗೆ ತನ್ನ ರಕ್ತದಲ್ಲಿ ಸಕ್ಕರೆಯ ಅಂಶ ಎಷ್ಟಿದೆಯೆಂದು ಮೊದಲ ಬಾರಿಗೆ ತಿಳಿಯುವುದು ಎಷ್ಟೋ ಸಲ ಇಂತಹ ಶಿಬಿರದಲ್ಲಿಯೇ.

ಕೆಲವು ವರ್ಷಗಳ ಹಿಂದೆ ಅಂತಹದೇ ಒಂದು ಶಿಬಿರದ ವ್ಯವಸ್ಥೆಯನ್ನು ನಾವೂ ವಹಿಸಿಕೊಂಡಿದ್ದೆವು. ಊರಿನ ಹೆಸರು ಇಲ್ಲಿ ಬೇಡ. ಪೆಂಡಾಲು, ಕುರ್ಚಿ, ಕುಡಿಯುವ ನೀರು, ಬಂದ ವೈದ್ಯರಿಗೆ ಪ್ರಸಾದ, ಶಾಲು, ಹಾರ, ಸ್ಮರಣಿಕೆ ಎಲ್ಲವನ್ನೂ ಪಟ್ಟಿ ಮಾಡಿ ಸಿದ್ಧಪಡಿಸಿದ್ದೆವು. ಸಂಜೆಯ ವೇಳೆಗೆ ಮುನ್ನೂರಕ್ಕೂ ಹೆಚ್ಚು ಜನರ ರಕ್ತಪರೀಕ್ಷೆ ಮುಗಿದಿತ್ತು. ಶಿಬಿರ ಯಶಸ್ವಿಯಾಯಿತೆಂದು ವೇದಿಕೆಯ ಮೇಲೆ ಹೇಳಿದೆವು. ಮರುದಿನ ಬೆಳಿಗ್ಗೆ ಅಂಗಳ ಗುಡಿಸಲು ಬಂದ ತಾಯಿಯೊಬ್ಬರು ಊಟದ ಎಲೆಗಳ ರಾಶಿಯನ್ನು ಬುಟ್ಟಿಗೆ ತುಂಬುತ್ತಿದ್ದವರು ಥಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡರು. “ಅಪ್ಪಾರ, ಸೂಜಿ ಚುಚ್ಚೇತ್ರಿ” ಎಂದರು. ಎಲೆಗಳ ನಡುವೆ ಹತ್ತಿಯ ಉಂಡೆ, ಬೆರಳು ಚುಚ್ಚುವ ಸಣ್ಣ ಸೂಜಿಗಳು, ರಕ್ತ ಹೆಪ್ಪುಗಟ್ಟಿದ ಎರಡು ಪ್ಲಾಸ್ಟಿಕ್ ನಳಿಕೆಗಳು ಇದ್ದವು. ಅವು ಅಲ್ಲಿಗೆ ಹೇಗೆ ಬಂದವೆಂದು ಯಾರನ್ನು ಕೇಳುವುದು? ಪಟ್ಟಿ ಮಾಡಿದವರು ನಾವು. ಆ ಪಟ್ಟಿಯಲ್ಲಿ ಹಾರಕ್ಕೆ ಸ್ಥಳವಿತ್ತು, ಸೂಜಿಗೆ ಸ್ಥಳವಿರಲಿಲ್ಲ.

ಆ ಸೂಜಿ ಚುಚ್ಚಿದ್ದು ಮುನ್ನೂರು ಜನರಲ್ಲಿ ಯಾರನ್ನು? ಅದು ಯಾರಿಗೂ ತಿಳಿಯುವಂತಿರಲಿಲ್ಲ. ಆದುದರಿಂದ ಆ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ದು ಅಂದೇ ಒಮ್ಮೆ ರಕ್ತಪರೀಕ್ಷೆ ಮಾಡಿಸಿ, ಚುಚ್ಚುಮದ್ದು ಕೊಡಿಸಿ, ಮತ್ತೆ ಆರು ವಾರಕ್ಕೆ, ಮೂರು ತಿಂಗಳಿಗೆ, ಆರು ತಿಂಗಳಿಗೆ ಪರೀಕ್ಷೆ ಮಾಡಿಸಬೇಕಾಯಿತು. ಎಲ್ಲವೂ ನಿರ್ದೋಷವೆಂದು ಬಂದವು. ಆದರೆ ಆ ಆರು ತಿಂಗಳು ಆಕೆ ಮಕ್ಕಳಿಗೆ ತುತ್ತು ಕೊಡುವುದಕ್ಕೂ ಹೆದರುತ್ತಿದ್ದರು. ಹಾಗೆ ಹೆದರಬೇಕಾಗಿಲ್ಲ, ಊಟದಿಂದ ಇವು ಹರಡುವುದಿಲ್ಲವೆಂದು ವೈದ್ಯರು ಎಷ್ಟು ಹೇಳಿದರೂ ಮನಸ್ಸು ಕೇಳಬೇಕಲ್ಲ. ಈ ಲೇಖನ ಬರೆಯಲು ಕಾರಣ ಅದೇ.

ಪ್ರಯೋಗಶಾಲೆಯೆಂದರೆ ನಮ್ಮ ಮನೆಗಳಲ್ಲಿ ಎಲ್ಲೋ ದೊಡ್ಡ ನಗರದ ವಿಷಯವೆಂಬ ಭಾವನೆಯಿದೆ. ಹಾಗಲ್ಲ. ತಾಲೂಕು ಆಸ್ಪತ್ರೆಯ ರಕ್ತ, ಮೂತ್ರ, ಕಫ ಪರೀಕ್ಷೆಯ ಕೋಣೆ ಪ್ರಯೋಗಶಾಲೆಯೇ. ಬಸ್ ನಿಲ್ದಾಣದ ಹತ್ತಿರ ಒಂದೇ ಕೋಣೆಯಲ್ಲಿ ನಡೆಯುವ ಖಾಸಗಿ ಪರೀಕ್ಷಾ ಕೇಂದ್ರವೂ, ಪಶು ಆಸ್ಪತ್ರೆಯ ಮೇಜೂ, ಜಾತ್ರೆಯ ಪೆಂಡಾಲಿನ ಮೂಲೆಯೂ ಪ್ರಯೋಗಶಾಲೆಯೇ. ಅಲ್ಲಿ ಪರೀಕ್ಷೆ ಮುಗಿದ ಮೇಲೆ ಉಳಿಯುವ ವಸ್ತುಗಳನ್ನು ಕಸವೆಂದು ಕರೆಯುವುದು ರೂಢಿ. ಆದರೆ ಮನೆಯ ಕಸಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ಮನೆಯ ಕಸ ಕೊಳೆಯುತ್ತದೆ, ನಾರುತ್ತದೆ, ತಾನು ಕಸವೆಂದು ಮೂಗಿಗೆ ಹೇಳುತ್ತದೆ. ಒಂದು ಹನಿ ಒಣಗಿದ ರಕ್ತ ನಾರುವುದಿಲ್ಲ, ಕಣ್ಣಿಗೂ ಬೀಳುವುದಿಲ್ಲ. ಹೆಪಟೈಟಿಸ್ ಬಿ ಎಂಬ ಯಕೃತ್ತಿನ ರೋಗದ ವೈರಾಣು ಹಾಗೆ ಒಣಗಿದ ರಕ್ತದಲ್ಲಿ ಕನಿಷ್ಠ ಏಳು ದಿನ ಸೋಂಕು ತಗಲಿಸುವ ಶಕ್ತಿಯನ್ನು ಉಳಿಸಿಕೊಂಡಿರುತ್ತದೆ. ಲಸಿಕೆ ಪಡೆಯದವರಿಗೆ ಈ ವೈರಾಣುವಿದ್ದ ಸೂಜಿ ಚುಚ್ಚಿದರೆ ನೂರಕ್ಕೆ ಮೂವತ್ತರವರೆಗೂ ರೋಗ ತಗಲಬಹುದು. ಹೆಪಟೈಟಿಸ್ ಸಿ ಆದರೆ ನೂರಕ್ಕೆ ಎರಡರಷ್ಟು. ಎಲ್ಲರೂ ಬಹಳ ಹೆದರುವ ಎಚ್.ಐ.ವಿ. ಆದರೆ ಸಾವಿರಕ್ಕೆ ಮೂರರಷ್ಟು. ಜನರ ಹೆದರಿಕೆಯ ಕ್ರಮಕ್ಕೂ ಅಪಾಯದ ಕ್ರಮಕ್ಕೂ ಎಷ್ಟು ಅಂತರವಿದೆ ನೋಡಿರಿ.

ಪ್ರಯೋಗಶಾಲೆಯೊಳಗೆ ಬಂದ ರೋಗಾಣು ರೋಗಿಯಿಂದ ಬೇರ್ಪಟ್ಟಿತೆಂದು ಸಾಧುವಾಗುವುದಿಲ್ಲ ಎಂಬ ಪಾಠವನ್ನು ನಮ್ಮ ದೇಶಕ್ಕೆ ಕಲಿಸಿದ ಒಂದು ರೋಗ ಹುಟ್ಟಿದ್ದು ನಮ್ಮ ನೆರೆಯಲ್ಲಿಯೇ. ಹಾನಗಲ್ಲ ತಾಲೂಕಿನ ಗಡಿ ದಾಟಿದರೆ ಸೊರಬ. ಹಿರೇಕೆರೂರಿನ ಗಡಿ ದಾಟಿದರೆ ಶಿಕಾರಿಪುರ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಕಾಡಿಗೆ ಸೌದೆಗೆ, ಸೊಪ್ಪಿಗೆ, ದನ ಮೇಯಿಸಲು ಹೋದ ಜನರಿಗೂ ತೀವ್ರ ಜ್ವರ, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ ಕಾಣಿಸಿತು. ಪುಣೆಯಲ್ಲಿ 1952ರಲ್ಲಿ ಸ್ಥಾಪನೆಯಾಗಿದ್ದ ವೈರಾಣು ಸಂಶೋಧನ ಕೇಂದ್ರದ ವಿಜ್ಞಾನಿಗಳು ಬಂದು ಇದು ಜಗತ್ತಿಗೇ ಹೊಸ ವೈರಾಣುವೆಂದು ಕಂಡುಕೊಂಡರು. ಉಣುಗು ಅಥವಾ ಉಣ್ಣಿ ಎನ್ನುವ ಕೀಟದ ಕಡಿತದಿಂದ ಹರಡುತ್ತದೆಂದೂ ತಿಳಿಯಿತು. ಕ್ಯಾಸನೂರಿನ ಹೆಸರು ಹೀಗೆ ಜಗತ್ತಿನ ವೈದ್ಯಗ್ರಂಥಗಳನ್ನು ಸೇರಿತು. ನಮ್ಮ ಜನ ಅದನ್ನು ಮಂಗನ ಕಾಯಿಲೆಯೆಂದರು.

ಇದು ನಮ್ಮ ಓದುಗರಲ್ಲಿ ಹಲವರಿಗೆ ತಿಳಿದ ಕಥೆ. ಅಷ್ಟಾಗಿ ತಿಳಿಯದ ಭಾಗವೊಂದಿದೆ. ಈ ರೋಗ ಮನುಷ್ಯನಿಂದ ಮನುಷ್ಯನಿಗೆ ಹರಡಿದ್ದು ಕಂಡುಬಂದಿಲ್ಲ. ಕಾಡು ಮತ್ತು ಉಣುಗು ಇಲ್ಲದೆ ಈ ರೋಗವಿಲ್ಲವೆಂದೇ ಹೇಳಬೇಕು. ಹಾಗಿದ್ದರೂ ಮುಂದಿನ ವರ್ಷಗಳಲ್ಲಿ ಕ್ಯಾಸನೂರಿನಿಂದ ನೂರಾರು ಮೈಲಿ ದೂರದಲ್ಲಿ, ಉಣುಗು ಕಡಿಯದ, ಕಾಡಿಗೆ ಕಾಲಿಡದ ಜನರಿಗೆ ಮಂಗನ ಕಾಯಿಲೆ ಬಂದಿತು. ಅವರು ಪ್ರಯೋಗಶಾಲೆಗಳಲ್ಲಿ ಈ ವೈರಾಣುವನ್ನು ಕೈಯಾಡಿಸುತ್ತಿದ್ದವರು. ಸೋಂಕಿನ ಇಲಿಗಳ ಪಂಜರ, ಒಡೆದ ನಳಿಕೆ, ಗಿರಗಿರನೆ ತಿರುಗುವ ಯಂತ್ರದಿಂದ ಗಾಳಿಗೆ ಏಳುವ ಕಣ್ಣಿಗೆ ಕಾಣದ ತುಂತುರು, ಇಂತಹ ದಾರಿಗಳು ಪ್ರಯೋಗಶಾಲೆಯಲ್ಲಿ ಅನೇಕ. ಈ ರೋಗ ತಗಲಿದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆಂದು ನೆನೆದರೆ ಆ ಕೆಲಸಗಾರರ ಧೈರ್ಯಕ್ಕೆ ಕೈಮುಗಿಯಬೇಕೆನಿಸುತ್ತದೆ. ಅತ್ಯಂತ ಅಪಾಯಕಾರಿ ವೈರಾಣುಗಳಿಗಾಗಿಯೇ ನಾಲ್ಕನೆಯ ಹಂತದ ಸುರಕ್ಷತೆಯ ಪ್ರಯೋಗಶಾಲೆ ಪುಣೆಯ ಅದೇ ಸಂಸ್ಥೆಯಲ್ಲಿ 2012ರಲ್ಲಿ ಆರಂಭವಾಯಿತು. ಆ ಸಂಸ್ಥೆ ಈಗ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ. ಅಂತಹ ಪ್ರಯೋಗಶಾಲೆಯಿಂದ ಹೊರಗೆ ಬರುವ ಗಾಳಿಯನ್ನು ಸೋಸಿಯೇ ಬಿಡುತ್ತಾರೆ. ಸ್ನಾನದ ನೀರನ್ನೂ ಕಾಯಿಸಿ ನಿರ್ವಿಷಗೊಳಿಸಿದ ಮೇಲೆಯೇ ಹೊರಬಿಡುತ್ತಾರೆ.

ಹೊರಗೆ ಬಿಡುವಾಗ ಸ್ವಲ್ಪ ಅಸಡ್ಡೆಯಾದರೆ ಏನಾಗುತ್ತದೆಂಬುದಕ್ಕೆ ಚೀನಾ ದೇಶದ ಲಾಂಝೌ ನಗರದ ಉದಾಹರಣೆ ಹೇಳಬೇಕು. ಅಲ್ಲಿ ದನಕುರಿಗಳ ಕಂದು ರೋಗಕ್ಕೆ ಲಸಿಕೆ ತಯಾರಿಸುವ ಕಾರ್ಖಾನೆಯೊಂದಿತ್ತು. ವೈದ್ಯರು ಬ್ರುಸೆಲ್ಲೋಸಿಸ್ ಎನ್ನುವ, ದನ ಗರ್ಭ ಹಾಕುವಂತೆ ಮಾಡುವ ಈ ರೋಗ ನಮ್ಮ ರೈತರಿಗೆ ಹೊಸದಲ್ಲ. 2019ರ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಆ ಕಾರ್ಖಾನೆಯವರು ಹೊರಬಿಡುವ ಗಾಳಿಯನ್ನು ಶುದ್ಧಗೊಳಿಸಲು ಅವಧಿ ಮೀರಿದ ಕ್ರಿಮಿನಾಶಕವನ್ನು ಬಳಸಿದರು. ರೋಗಾಣು ಸಾಯದೆ ಗಾಳಿಯೊಡನೆ ಹೊರಟಿತು. ಗಾಳಿ ಬೀಸಿದ ದಿಕ್ಕಿನಲ್ಲಿದ್ದವರಿಗೆ ಸೋಂಕು ತಗಲಿ, ಕಡೆಗೆ ಎಣಿಸಿದಾಗ ಸೋಂಕಿತರ ಸಂಖ್ಯೆ ಹತ್ತು ಸಾವಿರವನ್ನು ಮೀರಿತ್ತು. ಅಲ್ಲಿ ಯಂತ್ರ ಕೆಟ್ಟಿರಲಿಲ್ಲ, ಕಟ್ಟಡ ಕುಸಿದಿರಲಿಲ್ಲ. ಡಬ್ಬಿಯ ಮೇಲಿನ ದಿನಾಂಕವನ್ನು ಯಾರೂ ಓದಲಿಲ್ಲ, ಅಷ್ಟೇ.

ನಮ್ಮ ಊರುಗಳಲ್ಲಿ ಬ್ಲೀಚಿಂಗ್ ಪುಡಿಯ ಚೀಲದ ಬಾಯಿ ತೆರೆದು ವರ್ಷಗಟ್ಟಲೆ ಮೂಲೆಯಲ್ಲಿ ಇಟ್ಟಿರುತ್ತೇವೆ. ಹಾಗಿಟ್ಟ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿ ಸುಣ್ಣದ ಪುಡಿಯಷ್ಟೇ ಉಳಿಯುತ್ತದೆ. ಚೆಲ್ಲಿದ ರಕ್ತದ ಮೇಲೆ ಅದನ್ನು ಎರಚಿ ನಿಶ್ಚಿಂತರಾಗುವುದು ನಮ್ಮನ್ನು ನಾವೇ ವಂಚಿಸಿಕೊಂಡಂತೆ. ಹೊಸ ಪುಡಿಯಾದರೆ ಒಂದು ಲೀಟರು ನೀರಿಗೆ ಸುಮಾರು ಮೂವತ್ತು ಗ್ರಾಂ ಕಲಸಿದಾಗ ನೂರಕ್ಕೆ ಒಂದರಷ್ಟು ಕ್ಲೋರಿನ್ನಿನ ದ್ರಾವಣವಾಗುತ್ತದೆ. ಅದನ್ನು ದಿನದಿನವೂ ಹೊಸದಾಗಿ ಮಾಡಿಕೊಳ್ಳಬೇಕು. ರಕ್ತ ಚೆಲ್ಲಿದಲ್ಲಿ ಬಟ್ಟೆ ಹಾಸಿ ದ್ರಾವಣ ಸುರಿದು ಇಪ್ಪತ್ತು ಮೂವತ್ತು ನಿಮಿಷ ಬಿಡಬೇಕು. ಸುರಿದ ಕೂಡಲೇ ಒರೆಸಿದರೆ ನೆಲ ಹೊಳೆಯುತ್ತದೆ, ರೋಗಾಣು ಸಾಯುವುದಿಲ್ಲ.

ಇನ್ನು ಬೆಂಕಿಯ ಮಾತು. ಬೆಂಕಿಗೆ ಬಿದ್ದದ್ದೆಲ್ಲ ಶುದ್ಧವಾಯಿತೆಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಶಿಬಿರ ಮುಗಿದ ಮೇಲೆ ಸಿರಿಂಜು, ಹತ್ತಿ, ಕೈಗವಸು, ಎಲ್ಲವನ್ನೂ ಹಿತ್ತಿಲಿನಲ್ಲಿ ಗುಡ್ಡೆ ಹಾಕಿ ಸೀಮೆಎಣ್ಣೆ ಸುರಿದು ಸುಡುವುದನ್ನು ನಾವು ಕಂಡಿದ್ದೇವೆ. ಸುಟ್ಟವರ ಉದ್ದೇಶ ಒಳ್ಳೆಯದೇ. ಆದರೆ ಹಿತ್ತಿಲಿನ ಬೆಂಕಿ ಒಂದೆಡೆ ಉರಿದು ಇನ್ನೊಂದೆಡೆ ಹೊಗೆಯಾಡುತ್ತದೆ. ನಡುವಿನ ವಸ್ತು ಹಸಿಯಾಗಿಯೇ ಉಳಿಯುತ್ತದೆ. ಸೂಜಿಯಂತೂ ಬೂದಿಯೊಳಗೆ ಇನ್ನಷ್ಟು ಚೂಪಾಗಿ ಅಡಗಿ ಕೂಡುತ್ತದೆ. ಕ್ಲೋರಿನ್ ಸೇರಿದ ಪ್ಲಾಸ್ಟಿಕ್ ಹೀಗೆ ಅರೆಬರೆ ಸುಟ್ಟಾಗ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಹುಲ್ಲಿಗೆ, ಹುಲ್ಲಿನಿಂದ ಹಸುವಿಗೆ, ಹಸುವಿನ ಹಾಲಿಗೆ ಬರುವಂತಹುದು. ನಿಜವಾದ ದಹನಯಂತ್ರದಲ್ಲಿ ಎರಡು ಕೋಣೆಗಳಿರುತ್ತವೆ. ಮೊದಲನೆಯದರಲ್ಲಿ 800 ಡಿಗ್ರಿ ಸೆಲ್ಸಿಯಸ್, ಎರಡನೆಯದರಲ್ಲಿ 1050 ಡಿಗ್ರಿಯ ಆಸುಪಾಸಿನ ಶಾಖವಿರಬೇಕೆಂಬುದು ನಿಯಮ. ಆ ಎರಡನೆಯ ಕೋಣೆ ಇರುವುದು ಹೊಗೆಯನ್ನು ಸುಡುವುದಕ್ಕಾಗಿ. ಇದು ಹಿತ್ತಿಲಿನ ಕೆಲಸವಲ್ಲ.

ಸುಡುವುದಕ್ಕಿಂತ ಮೊದಲು ಬೇಯಿಸುವುದು ಪ್ರಯೋಗಶಾಲೆಯ ಕ್ರಮ. ನಮ್ಮ ತಾಯಂದಿರಿಗೆ ಇದನ್ನು ವಿವರಿಸುವುದು ಸುಲಭ. ಅಡುಗೆಮನೆಯ ಕುಕ್ಕರಿನಲ್ಲಿ ಬೇಳೆ ಬೇಗ ಬೇಯುವುದೇಕೆ? ಒಳಗೆ ಹಬೆಯ ಒತ್ತಡ ಏರುವುದರಿಂದ ನೀರು ನೂರು ಡಿಗ್ರಿಯಲ್ಲಿ ಕುದಿಯದೆ ಅದಕ್ಕಿಂತ ಹೆಚ್ಚು ಕಾಯುತ್ತದೆ. ಆಟೋಕ್ಲೇವ್ ಎಂಬ ಯಂತ್ರವೂ ದೊಡ್ಡ ಕುಕ್ಕರೇ. ಚದರ ಅಂಗುಲಕ್ಕೆ 15 ಪೌಂಡ್ ಒತ್ತಡದಲ್ಲಿ 121 ಡಿಗ್ರಿಯ ಹಬೆಯಲ್ಲಿ ತ್ಯಾಜ್ಯವನ್ನು ಒಂದು ಗಂಟೆಗೆ ಕಡಿಮೆಯಿಲ್ಲದಂತೆ ಇಡಬೇಕು. ಬರಿಯ ಕುದಿನೀರು ಸಾಲದೇಕೆಂದರೆ ಕೆಲವು ರೋಗಾಣುಗಳು ಕಷ್ಟಕಾಲ ಬಂದಾಗ ಗಟ್ಟಿಯಾದ ಕವಚದೊಳಗೆ ಬೀಜದಂತೆ ಅಡಗುತ್ತವೆ. ದನಗಳನ್ನು ನಿಂತಲ್ಲೇ ಕೆಡವುವ ನೆರಡಿ ರೋಗದ ಅಣು ಇಂತಹುದೇ; ಅದರ ಬೀಜಕಣಗಳು ಮಣ್ಣಿನಲ್ಲಿ ದಶಕಗಳ ಕಾಲ ಬದುಕಬಲ್ಲವು. ಅದಕ್ಕಾಗಿಯೇ ಆಟೋಕ್ಲೇವ್ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸಲು ಶಾಖಕ್ಕೆ ಜಗ್ಗದ, ಆದರೆ ರೋಗ ತರದ ಒಂದು ಜಾತಿಯ ಬೀಜಕಣಗಳನ್ನು ಒಳಗಿಟ್ಟು ಅವು ಸತ್ತವೇ ಎಂದು ನೋಡುತ್ತಾರೆ. ಕುಕ್ಕರಿನ ಸೀಟಿ ಕೂಗಿದ ಮಾತ್ರಕ್ಕೆ ಬೇಳೆ ಬೆಂದಿತೆಂದು ನಂಬದೆ ಒಂದು ಕಾಳನ್ನು ಹಿಚುಕಿ ನೋಡುವ ಗೃಹಿಣಿಯ ವಿವೇಕವೇ ಇದು.

ಕ್ಷಯರೋಗದ ಕಫ ಪರೀಕ್ಷೆಯ ಡಬ್ಬಿಗಳು, ರೋಗಾಣುಗಳನ್ನು ಬೆಳೆಸಿದ ತಟ್ಟೆಗಳು, ರಕ್ತದ ಚೀಲಗಳು ಇವನ್ನು ಹೀಗೆ ಆಯಾ ಪ್ರಯೋಗಶಾಲೆಯಲ್ಲಿಯೇ ಮೊದಲು ನಿರ್ಜೀವಗೊಳಿಸಿದ ಮೇಲೆಯೇ ಹೊರಗೆ ಕೊಡಬೇಕು. ಹೊರಗೆ ಕೊಡುವಾಗ ಬಣ್ಣಗಳ ಲೆಕ್ಕವಿದೆ. ಹಳದಿ ಚೀಲದ ತ್ಯಾಜ್ಯ ಸುಡುವುದಕ್ಕೆ. ಸೂಜಿಯಿಲ್ಲದ ಸಿರಿಂಜು, ನಳಿಕೆ, ಕೈಗವಸುಗಳಂತಹ ಪ್ಲಾಸ್ಟಿಕ್ ಕೆಂಪು ಚೀಲಕ್ಕೆ. ಅದನ್ನು ಹಬೆಯಲ್ಲಿ ಬೇಯಿಸಿ ಚೂರು ಮಾಡಿ ಮರುಬಳಕೆಗೆ ಕಳುಹಿಸುತ್ತಾರೆ. ಸೂಜಿ, ಬ್ಲೇಡು ಮೊದಲಾದ ಚೂಪಾದುವೆಲ್ಲ ಚುಚ್ಚಿದರೆ ತೂತಾಗದ ಬಿಳಿಯ ಡಬ್ಬಿಗೆ. ಗಾಜು ನೀಲಿ ಗುರುತಿನ ಡಬ್ಬಿಗೆ. ಸಂಸ್ಕರಿಸದ ತ್ಯಾಜ್ಯವನ್ನು 48 ಗಂಟೆಗಳಿಗಿಂತ ಹೆಚ್ಚು ಇಟ್ಟುಕೊಳ್ಳಬಾರದೆಂಬುದು ಸಾಮಾನ್ಯ ನಿಯಮ. 75 ಕಿಲೋಮೀಟರಿನೊಳಗೆ ಸಾಮೂಹಿಕ ಸಂಸ್ಕರಣ ಘಟಕವಿದ್ದರೆ ಆಸ್ಪತ್ರೆಯವರು ತಮ್ಮದೇ ಘಟಕ ಕಟ್ಟುವಂತಿಲ್ಲ. ಆ ಘಟಕದ ವಾಹನಕ್ಕೇ ಕೊಡಬೇಕು. ಅಂತಹ ಘಟಕದ ಸೌಲಭ್ಯ ಮುಟ್ಟದ ಹಳ್ಳಿಗಾಡಿಗೆ ಮಾತ್ರ ಆಳವಾದ ಹೊಂಡದ ಅನುಮತಿಯಿದೆ: ಎರಡು ಮೀಟರ್ ಆಳ ತೋಡಿ, ಅರ್ಧದವರೆಗೆ ತ್ಯಾಜ್ಯ, ಮೇಲೆ ಸುಣ್ಣ, ಅದರ ಮೇಲೆ ಮಣ್ಣು, ನಾಯಿ ಹಂದಿಗಳು ಬಗೆಯದಂತೆ ಬಲೆಯ ಮುಚ್ಚಳ, ಬಾವಿ, ಕೊಳವೆಬಾವಿಗಳಿಂದ ದೂರ. ಹೊಂಡವೆಂದರೆ ಕೆರೆಯ ಅಂಗಳದ ಗುಂಡಿಯಲ್ಲ.

ಈ ನಿಯಮಗಳು ಇಂದಿನವಲ್ಲ. ನಮ್ಮ ಹಾವೇರಿ ಧಾರವಾಡದಿಂದ ಬೇರ್ಪಟ್ಟು ಜಿಲ್ಲೆಯಾದದ್ದು 1997ರಲ್ಲಿ. ಮರುವರ್ಷವೇ, 1998ರ ಜುಲೈಯಲ್ಲಿ, ಕೇಂದ್ರ ಸರ್ಕಾರ ಜೈವಿಕ ವೈದ್ಯಕೀಯ ತ್ಯಾಜ್ಯದ ಮೊದಲ ನಿಯಮಗಳನ್ನು ಹೊರಡಿಸಿತು. 2016ರ ಮಾರ್ಚಿಯಲ್ಲಿ ಅವುಗಳ ಸ್ಥಾನದಲ್ಲಿ ಹೊಸ ನಿಯಮಗಳು ಬಂದವು. ಈ ಹೊಸ ನಿಯಮಗಳ ಆರಂಭದಲ್ಲಿಯೇ, ಯಾರಿಗೆ ಇವು ಅನ್ವಯಿಸುತ್ತವೆಂಬ ಪಟ್ಟಿಯಲ್ಲಿ, ಆಸ್ಪತ್ರೆ, ಪ್ರಯೋಗಶಾಲೆ, ಪಶುವೈದ್ಯ ಸಂಸ್ಥೆ, ಆಯುಷ್ ಆಸ್ಪತ್ರೆಗಳ ಸಾಲಿನಲ್ಲಿ ಆರೋಗ್ಯ ಶಿಬಿರ, ಶಸ್ತ್ರಚಿಕಿತ್ಸಾ ಶಿಬಿರ, ಲಸಿಕಾ ಶಿಬಿರ, ರಕ್ತದಾನ ಶಿಬಿರ, ಶಾಲೆಯ ಪ್ರಥಮ ಚಿಕಿತ್ಸೆಯ ಕೋಣೆಗಳನ್ನೂ ಹೆಸರಿಸಿದ್ದಾರೆ. ಮಠದ ಜಾತ್ರಾ ಸಮಿತಿಯವರು, ನಮ್ಮ ಸಮಾಜದ ಶಿಕ್ಷಣ ಸಂಸ್ಥೆಗಳನ್ನು ನಡೆಸುವವರು ಈ ಸಾಲನ್ನು ಒಮ್ಮೆ ಓದಬೇಕೆಂದು ವಿನಂತಿ. ಉಚಿತ ಸೇವೆ ಮಾಡುತ್ತಿದ್ದೇವೆ, ನಮಗೇಕೆ ಕಾನೂನು ಎನ್ನುವವರೂ ಇದ್ದಾರೆ. ಸೂಜಿಗೆ ಉಚಿತ ಯಾವುದು, ಶುಲ್ಕ ಯಾವುದು ಎಂಬ ಭೇದ ತಿಳಿಯುವುದಿಲ್ಲ.

ಹಾಗೆಂದು ಶಿಬಿರಗಳನ್ನು ನಿಲ್ಲಿಸಬೇಕೆಂದು ನಾವು ಹೇಳುವುದಿಲ್ಲ. ಇನ್ನೂ ಹೆಚ್ಚು ನಡೆಯಲಿ. ಶಿಬಿರಕ್ಕೆ ಬರುವ ವೈದ್ಯರನ್ನೋ ಪ್ರಯೋಗಶಾಲೆಯವರನ್ನೋ ಆಹ್ವಾನಿಸುವಾಗಲೇ ಎರಡು ಮಾತು ಕೇಳಿದರೆ ಸಾಕು: ನೀವು ತರುವ ಸೂಜಿಗಳಿಗೆ ಡಬ್ಬಿ ತರುತ್ತೀರಾ? ಸಂಜೆ ಅದನ್ನು ತಿರುಗಿ ಯಾರು ಒಯ್ಯುತ್ತಾರೆ? ನೋಂದಾಯಿತ ಆಸ್ಪತ್ರೆಗೆ ಸಂಸ್ಕರಣ ಘಟಕದೊಡನೆ ಒಪ್ಪಂದವಿರುತ್ತದೆ. ತನ್ನ ತ್ಯಾಜ್ಯವನ್ನು ತಾನೇ ಒಯ್ಯುವುದು ಅದಕ್ಕೆ ಕಷ್ಟವಲ್ಲ. ಪರೀಕ್ಷೆಯ ಮೇಜನ್ನು ಪ್ರಸಾದದ ಪಂಕ್ತಿಯಿಂದ ದೂರವಿಡಬೇಕು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು. ಮುಚ್ಚಳ ಹಾಕುವಾಗಲೇ ಎಷ್ಟೋ ದಾದಿಯರ ಬೆರಳಿಗೆ ಚುಚ್ಚುತ್ತದೆ. ಡಬ್ಬಿ ಮುಕ್ಕಾಲು ತುಂಬಿದಾಗ ಮುಚ್ಚಬೇಕು. ಉತ್ಸಾಹದ ನಮ್ಮ ಹುಡುಗರು ಸ್ವಯಂಸೇವೆಯೆಂದು ಬರಿಗೈಯಿಂದ ಮೇಜು ಒರೆಸಲು ಮುಂದಾಗುತ್ತಾರೆ. ಅವರನ್ನು ಚಪ್ಪಲಿ ಕಾಯುವ, ನೀರು ಕೊಡುವ ಸೇವೆಗೆ ಹಚ್ಚುವುದು ಲೇಸು.

ರಕ್ತದ ಮಾದರಿಗಳ ಪ್ರಯಾಣದ ಬಗೆಗೂ ಒಂದು ಮಾತು ಹೇಳಬೇಕು. ಶಿಗ್ಗಾಂವಿ ಪುಣೆ ಬೆಂಗಳೂರು ಹೆದ್ದಾರಿಯ ಮೇಲಿನ ಊರು. ದೊಡ್ಡ ಪರೀಕ್ಷೆಗಳಿಗೆ ಮಾದರಿಗಳು ಈ ದಾರಿಯಲ್ಲಿ ಹುಬ್ಬಳ್ಳಿಯ ಕಡೆಗೆ ಹೋಗುತ್ತವೆ. ರೋಗಿಯ ಮಗನ ಕೈಗೇ ನಳಿಕೆ ಕೊಟ್ಟು ಬಸ್ಸಿನಲ್ಲಿ ಕಳುಹಿಸುವುದೂ ಉಂಟು. ಮೂರು ಸುತ್ತಿನ ಕಟ್ಟು ಇದಕ್ಕೆ ಸರಿಯಾದ ಕ್ರಮ: ಸೋರದ ನಳಿಕೆ, ಅದರ ಸುತ್ತ ಹತ್ತಿ ಇಟ್ಟು ಸೋರದ ಎರಡನೆಯ ಡಬ್ಬಿ, ಅದರ ಹೊರಗೆ ಗಟ್ಟಿಯಾದ ಪೆಟ್ಟಿಗೆ. 2020ರ ಕೊರೋನಾ ಕಾಲದಲ್ಲಿ ಮೂಗು ಗಂಟಲಿನ ದ್ರವವನ್ನು ಹೀಗೆಯೇ ಕಳುಹಿಸುತ್ತಿದ್ದುದನ್ನು ಹಲವರು ನೋಡಿರಬಹುದು. ಕೊರೋನಾಕ್ಕೆ ಕೊಟ್ಟ ಗೌರವವನ್ನು ಉಳಿದ ರೋಗಗಳಿಗೂ ಕೊಡಬೇಕು. ಮಜ್ಜಿಗೆಯ ಡಬ್ಬಿಯಿದ್ದ ಚೀಲದಲ್ಲಿಯೇ ರಕ್ತದ ನಳಿಕೆಯೂ ಬರಬಾರದು.

ಈ ಎಲ್ಲ ವಸ್ತುಗಳು ಕೊನೆಗೆ ಸೇರುವುದು ಒಬ್ಬರ ಕೈಯನ್ನು. ವೈದ್ಯರ ಕೈಗೆ ಕೈಗವಸಿದೆ, ತಂತ್ರಜ್ಞರಿಗೆ ತರಬೇತಿಯಿದೆ. ಕಸ ಎತ್ತುವವರಿಗೆ ಬಹಳ ಕಡೆ ಎರಡೂ ಇಲ್ಲ. ತ್ಯಾಜ್ಯವನ್ನು ಕೈಯಿಂದ ಮುಟ್ಟುವ ಪ್ರತಿಯೊಬ್ಬ ಕೆಲಸಗಾರನಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯುವಿನ ಲಸಿಕೆ ಹಾಕಿಸಬೇಕು, ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಮಾಡಿಸಬೇಕು, ರಕ್ಷಣಾ ಸಾಮಗ್ರಿ ಕೊಡಬೇಕೆಂದು 2016ರ ನಿಯಮವಿದೆ. ಸವಣೂರಿನ ಹೆಸರು ಬಂದಾಗ ನಮಗೆ ದೊಡ್ಡಹುಣಸೆಯ ಮರಗಳೂ ವೀಳ್ಯದೆಲೆಯೂ ನೆನಪಾಗುತ್ತವೆ. 2010ರ ಜುಲೈ ತಿಂಗಳೂ ನೆನಪಾಗಬೇಕು. ಊರಿನ ಮಲ ಬಳಿಯುತ್ತಿದ್ದ ಭಂಗಿ ಕುಟುಂಬಗಳವರು ತಮ್ಮನ್ನು ವಾಸದ ನೆಲೆಯಿಂದ ಎಬ್ಬಿಸುವುದನ್ನು ವಿರೋಧಿಸಿ, ಬೇರೆ ದಾರಿ ಕಾಣದೆ, ಪುರಸಭೆಯ ಎದುರಿಗೆ ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡರು. ನಾಡೆಲ್ಲ ತಲೆತಗ್ಗಿಸಿತು. ಅಲ್ಲಿಯವರೆಗೆ ಅವರ ಮೈಮೇಲೆ ದಿನವೂ ಬೀಳುತ್ತಿದ್ದುದು ಯಾರ ಕಣ್ಣಿಗೂ ಕಂಡಿರಲಿಲ್ಲ.

ಹಿರೇಕೆರೂರಿಗೆ ನೆರೆಯಾದ ಶಿಕಾರಿಪುರ ಸೀಮೆಯ ಜಂಬೂರಿನ ಶರಣೆ ಸತ್ಯಕ್ಕನ ಕಾಯಕ ಅಂಗಳ ಗುಡಿಸುವುದು ಎಂದು ನಮ್ಮ ಪರಂಪರೆ ಹೇಳುತ್ತದೆ. ಮಡಿವಾಳ ಮಾಚಿದೇವರು ಬಟ್ಟೆ ಒಗೆದರು, ಡೋಹರ ಕಕ್ಕಯ್ಯನವರು ತೊಗಲು ಹದಮಾಡಿದರು. ಕೊಳೆಯನ್ನು ಕಳೆಯುವವರನ್ನು ಕಲ್ಯಾಣ ತನ್ನ ನಡುವೆ ಕೂರಿಸಿಕೊಂಡಿತು. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಪ್ರವಚನದಲ್ಲಿ ಕೇಳಿ ತಲೆದೂಗುವ ನಾವು, ಅದೇ ಪ್ರವಚನದ ಮರುದಿನ ಅಂಗಳ ಗುಡಿಸಲು ಬಂದವರ ಕೈಗೆ ಒಂದು ಜೊತೆ ದಪ್ಪ ಕೈಗವಸು ಕೊಟ್ಟಿದ್ದೇವೆಯೇ? ನಾವು ಕೊಟ್ಟಿರಲಿಲ್ಲ.

ಲೋಭವೂ ಈ ಕಸದ ಬೆನ್ನು ಹತ್ತುತ್ತದೆಂಬುದನ್ನು ಮರೆಯಬಾರದು. 2009ರಲ್ಲಿ ಗುಜರಾತಿನ ಮೊಡಾಸಾ ಪಟ್ಟಣದಲ್ಲಿ ಹೆಪಟೈಟಿಸ್ ಬಿ ಹರಡಿ ಹತ್ತಾರು ಜನ ಸತ್ತರು. ಬಳಸಿದ ಸಿರಿಂಜುಗಳನ್ನು ಮತ್ತೆ ಬಳಸಿದುದೇ ಅದಕ್ಕೆ ಕಾರಣವೆಂದು ಕಂಡುಬಂದಿತು. ಆದುದರಿಂದ ಸೂಜಿ ಮತ್ತು ಸಿರಿಂಜಿನ ತುದಿಯನ್ನು ಬಳಸಿದಲ್ಲಿಯೇ ಕತ್ತರಿಸುವ ಸಣ್ಣ ಯಂತ್ರ ಪ್ರತಿ ಪರೀಕ್ಷಾ ಕೇಂದ್ರದಲ್ಲಿಯೂ ಇರಬೇಕು. ನಿಮ್ಮ ರಕ್ತ ತೆಗೆದ ಮೇಲೆ ಅದನ್ನು ಬಳಸುತ್ತಾರೆಯೇ ಎಂದು ನೋಡಿರಿ; ಇಲ್ಲವಾದರೆ ಕೇಳಿರಿ. ಕೇಳುವುದು ಅವಮಾನವಲ್ಲ.

ಮನೆಗಳಿಗೂ ಈ ಮಾತು ಬಂದಿದೆ. ಇಂದು ಮಧುಮೇಹದ ಅಜ್ಜ ಮನೆಯಲ್ಲಿಯೇ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ, ಸೊಸೆ ಸಣ್ಣ ಯಂತ್ರದಲ್ಲಿ ಅವರ ರಕ್ತದ ಸಕ್ಕರೆ ನೋಡುತ್ತಾಳೆ. ಒಂದು ಲೆಕ್ಕದಲ್ಲಿ ಮನೆಯ ಪಡಸಾಲೆಯೇ ಪ್ರಯೋಗಶಾಲೆಯಾಯಿತು. ಆ ಸೂಜಿಗಳನ್ನು ಕಾಗದದಲ್ಲಿ ಸುತ್ತಿ ತಿಪ್ಪೆಗೆ ಎಸೆದರೆ ಗೊಬ್ಬರದೊಡನೆ ಹೊಲಕ್ಕೆ ಹೋಗುತ್ತವೆ. ನಾಟಿಯ ಕಾಲಕ್ಕೆ ಯಾರದೋ ಅಂಗಾಲಿಗೆ ಸಿಗುತ್ತವೆ. ದಪ್ಪ ಪ್ಲಾಸ್ಟಿಕ್ಕಿನ, ತಿರುಪು ಮುಚ್ಚಳದ ಹಳೆಯ ಡಬ್ಬಿಯೊಂದನ್ನು ಇದಕ್ಕೇ ಮೀಸಲಿಟ್ಟು, ಮೇಲೆ ಸೂಜಿ ಎಂದು ಬರೆದು, ಮಕ್ಕಳ ಕೈಗೆ ಎಟುಕದಲ್ಲಿ ಇಡಬೇಕು. ತುಂಬಿದ ಮೇಲೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ಔಷಧಿ ಕೊಡುವ ಆಸ್ಪತ್ರೆಯನ್ನೋ ವಿಚಾರಿಸಿ ಅವರ ಬಿಳಿಯ ಡಬ್ಬಿಗೆ ಸೇರಿಸಬೇಕು. ಹಸು ಗರ್ಭ ಹಾಕಿದಾಗ ಬರಿಗೈಯಿಂದ ಮಾಸು ತೆಗೆಯುವ ರೂಢಿಯನ್ನೂ ಬಿಡಬೇಕು. ಪಶುವೈದ್ಯರಿಗೆ ತಿಳಿಸಿ, ಕೈಗವಸು ಹಾಕಿ, ಸುಣ್ಣದೊಡನೆ ಆಳವಾಗಿ ಹೂಳಬೇಕು. ಅಂತಹ ಹಸುವಿನ ಹಾಲನ್ನು ಕಾಯಿಸದೆ ಕುಡಿಯಬಾರದು.

ಎಷ್ಟು ಎಚ್ಚರವಿದ್ದರೂ ಸೂಜಿ ಚುಚ್ಚಿತೆನ್ನಿ. ಗಾಯವನ್ನು ಹಿಂಡಬಾರದು, ಬಾಯಿಯಿಂದ ಚೀಪಬಾರದು, ಸುಣ್ಣ ಅರಿಸಿನ ಮೆತ್ತಬಾರದು. ಹರಿಯುವ ನೀರು ಮತ್ತು ಸಾಬೂನಿನಿಂದ ಚೆನ್ನಾಗಿ ತೊಳೆದು ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಎಚ್.ಐ.ವಿ. ತಡೆಯುವ ಮಾತ್ರೆಗಳನ್ನು 72 ಗಂಟೆಗಳೊಳಗೆ ಆರಂಭಿಸಿದರೆ ಮಾತ್ರ ಪ್ರಯೋಜನ, ಮೊದಲ ಕೆಲವು ಗಂಟೆಗಳಲ್ಲಾದರೆ ಉತ್ತಮ. 28 ದಿನ ಬಿಡದೆ ನುಂಗಬೇಕು. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡಿಲ್ಲವೆಂದು ವೈದ್ಯರಿಗೆ ತಿಳಿಸಿದರೆ ಅದಕ್ಕೂ ತಡೆಯುವ ಚುಚ್ಚುಮದ್ದು ಇದೆ. ಬಯ್ಯುತ್ತಾರೆಂದು ಮುಚ್ಚಿಡುವ ಕೆಲಸಗಾರರೇ ಹೆಚ್ಚು. ಬಯ್ಯದಿರುವುದು ಕೆಲಸ ಕೊಟ್ಟವರ ಧರ್ಮ.

ನಾವು ಹೇಳಿದ ಆ ಊರಿನಲ್ಲಿ ಶಿಬಿರ ಈಗಲೂ ವರ್ಷಕ್ಕೊಮ್ಮೆ ನಡೆಯುತ್ತದೆ. ಆಮಂತ್ರಣ ಪತ್ರಿಕೆ ಅಚ್ಚಾಗುವ ಮೊದಲೇ ಆಸ್ಪತ್ರೆಯವರಿಂದ ತ್ಯಾಜ್ಯ ತಿರುಗಿ ಒಯ್ಯುವ ಮಾತು ಪಡೆಯುತ್ತೇವೆ. ಸಂಜೆ ಬಿಳಿಯ ಡಬ್ಬಿಯನ್ನೂ ಹಳದಿ, ಕೆಂಪು ಚೀಲಗಳನ್ನೂ ವಾಹನಕ್ಕೆ ಏರಿಸಿದ ಮೇಲೆ ಸಮಿತಿಯ ಹಿರಿಯರೊಬ್ಬರು ಟಾರ್ಚ್ ಹಿಡಿದು ಪೆಂಡಾಲಿನ ನೆಲವನ್ನು ಒಂದು ಸುತ್ತು ನೋಡಿ ಬರುತ್ತಾರೆ. ಅಂಗಳ ಗುಡಿಸುವ ಆ ತಾಯಿ ಹೆಪಟೈಟಿಸ್ ಬಿ ಲಸಿಕೆಯ ಮೂರೂ ಸರದಿಗಳನ್ನು ಮುಗಿಸಿದ್ದಾರೆ. ಕೈಗವಸು ಸೆಕೆಯಾಗುತ್ತದೆಂದು ಆಕೆಗೆ ಬೇಸರ. ಕಳೆದ ಸಲ ಬಟ್ಟೆಯ ಒಳಪದರವಿರುವ ಜೊತೆಯೊಂದನ್ನು ಹುಬ್ಬಳ್ಳಿಯಿಂದ ತರಿಸಿಕೊಟ್ಟೆವು. ಅದು ಸ್ವಲ್ಪ ವಾಸಿ ಎಂದರು.